ಉರುಳುವ ಭಾರ

ದಿಬ್ಬದ ನಟ್ಟನಡುವೆ ಕಾರು ಮೂರನೆಯ ಸಲ ಗಕ್ಕನೆ ನಿಂತುಹೋಯಿತು. ಹಿಂದಕ್ಕೆ ಜಾರತೊಡಗುವಷ್ಟರಲ್ಲಿ ಪಕ್ಕದ ಸೀಟಿನಲ್ಲಿದ್ದ ಕ್ಲಚ್ಚಮ್ಮ ಹ್ಯಾಂಡ್‌ಬ್ರೇಕ್ ಎಳೆದಳು. ಸ್ಟಿಯರಿಂಗ್ ಹಿಡಿದಿದ್ದ, ಕಾರು ಕಲಿಯಲು ಬಂದ ಆಸ್ಪತ್ರೆಯ ಆಯಾಳ ಬೆರಳುಗಳು ಬಿಳಿಚಿಕೊಂಡಿದ್ದವು.

"ಕ್ಲಚ್ ಬೇಗ ಬಿಟ್ಟೆನಾ ಮೇಡಂ?"

"ಇಲ್ಲ, ಸರಿಯಾಗೇ ಬಿಟ್ಟೆ."

ಹೇಳಿದ ಮೇಲೆ ಕ್ಲಚ್ಚಮ್ಮನಿಗೇ ಆ ಮಾತು ಕೊರೆಯತೊಡಗಿತು. ಸರಿಯಾಗಿ ಬಿಟ್ಟಿದ್ದರೆ ಕಾರು ಯಾಕೆ ನಿಲ್ಲಬೇಕು?

ಕ್ಲಚ್ಚಮ್ಮ ಎಂಬುದು ಕಲಿಯಲು ಬಂದವರು ಇಟ್ಟ ಹೆಸರು. ಇಪ್ಪತ್ತೆಂಟು ವರ್ಷಗಳಿಂದ ದಿನಕ್ಕೆ ನೂರು ಸಲ "ಕ್ಲಚ್, ಕ್ಲಚ್" ಎನ್ನುತ್ತ ಬಂದವಳಿಗೆ ಇನ್ನೇನು ಹೆಸರಿಟ್ಟಾರು. ಡ್ರೈವಿಂಗ್ ಶಾಲೆ ಗಂಡನೂ ಅವಳೂ ಸೇರಿ ಕಟ್ಟಿದ್ದು. ಗಂಡ ತೀರಿಕೊಂಡ ಮೇಲೆ ಆಫೀಸಿನ ಕುರ್ಚಿಯಲ್ಲಿ ಮೈದುನ ಕೂತ, ಕಾರಿನ ಸೀಟು ಅವಳಿಗೆ ಉಳಿಯಿತು. ಅವಳಿಗೂ ಅದೇ ಬೇಕಾಗಿತ್ತು. ಅವಳ ಕೈಯಲ್ಲಿ ಕಲಿತವರು, ದಿಬ್ಬದ ನಡುವೆ ಕಾರು ನಿಲ್ಲಿಸಿ ಹಿಂದೆ ಜಾರದೆ ಮತ್ತೆ ಹತ್ತಿಸುವ ಪರೀಕ್ಷೆಯಲ್ಲಿ ಫೇಲಾಗುವುದಿಲ್ಲ ಎಂಬ ಮಾತು ಊರಲ್ಲೆಲ್ಲ ಇತ್ತು. ಈಗ ಎರಡೇ ತಿಂಗಳಲ್ಲಿ ಏಳು ಜನ ಫೇಲಾಗಿದ್ದರು, ಈ ಆಯಾ ಎರಡು ಸಲ. ಅವಳು ನೆಲ ಒರೆಸುತ್ತಿದ್ದ ಆಸ್ಪತ್ರೆಯಲ್ಲಿ ಔಷಧಿ ವ್ಯಾನಿನ ಚಾಲಕನ ಕೆಲಸ ಖಾಲಿಯಾಗಿತ್ತು. ಶುಕ್ರವಾರ ಲೈಸೆನ್ಸ್ ತೋರಿಸಿದರೆ ನಿನಗೇ ಎಂದಿದ್ದರು. ಪರೀಕ್ಷೆ ಇದ್ದದ್ದು ಗುರುವಾರ.

ಆ ಸಂಜೆ ಮೈದುನ ಕ್ಲಚ್ಚಮ್ಮನನ್ನು ಒಳಗೆ ಕರೆದು, ತಾನೇ ಎದ್ದು ಕುರ್ಚಿ ಎಳೆದುಕೊಟ್ಟ. ಅವನು ಕುರ್ಚಿ ಎಳೆದುಕೊಟ್ಟನೆಂದರೆ ಏನೋ ಕೆಟ್ಟ ಸುದ್ದಿ ಇದೆ ಎಂದೇ ಅರ್ಥ.

"ತಪ್ಪು ತಿಳ್ಕೋಬೇಡಿ ಅತ್ತಿಗೆ. ನಿಮ್ಮ ಕಾಲು, ಕಣ್ಣು, ಎಲ್ಲಾ ಮೊದಲಿನ ಹಾಗೇ ಇರತ್ತಾ? ವಯಸ್ಸು ಯಾರನ್ನ ಬಿಟ್ಟಿದೆ ಹೇಳಿ. ಒಂದನೇ ತಾರೀಖಿಂದ ಇಲ್ಲೇ ಫ್ಯಾನ್ ಕೆಳಗೆ ಕೂತು ಫಾರಂ ತುಂಬಿಸಿ. ಕಾರಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ."

"ಫ್ಯಾನ್ ಗಾಳಿ ನಂಗೆ ಆಗಿಬರಲ್ಲ," ಎಂದು ಎದ್ದು ಬಂದಳು.

ಮಾತೇನೋ ಖಡಕ್ಕಾಗಿಯೇ ಹೇಳಿದ್ದಳು. ಆದರೆ ಮನೆಗೆ ಬಂದು ಅಡುಗೆಕಟ್ಟೆಯ ಪಕ್ಕ ಎಡಗಾಲೊಂದರ ಮೇಲೆ ನಿಂತು ಅರವತ್ತು ಎಣಿಸಿದಳು. ಕಾಲು ನಡುಗಲಿಲ್ಲ. ಮತ್ತೆ ಅರವತ್ತು ಎಣಿಸಿದಳು. ನಡುಗದಿದ್ದರೂ ಸಮಾಧಾನವಾಗಲಿಲ್ಲ. ಕಲಿಸುವವಳ ಕಣ್ಣಿಗೇ ತಪ್ಪು ಕಾಣದೆ ಹೋದರೆ, ಕಾಲು ಗಟ್ಟಿಯಿದ್ದು ಏನು ಬಂತು?

ಮರುದಿನ ಬೆಳಗ್ಗೆ ಗುಜರಿ ಅಂಗಡಿಯ ಮುಂದೆ ಟೈರು ಪಂಕ್ಚರಾಯಿತು. ಅದು ಅವಳಿಗೆ ಹೊಸದಲ್ಲ. ಸೆರಗು ಸಿಕ್ಕಿಸಿ, ಜಾಕ್ ಏರಿಸಿ, ನಟ್ಟು ಬಿಚ್ಚಿ ಚಕ್ರವನ್ನು ಎತ್ತಿದರೆ ಅದು ಎದೆಯ ಮಟ್ಟಕ್ಕೂ ಬರಲಿಲ್ಲ. ಎರಡು ತಿಂಗಳ ಹಿಂದೆ ಮೈದುನ ಹಾಕಿಸಿದ ಅಲಾಯ್ ಚಕ್ರಗಳಲ್ಲಿ ಒಂದು ಅದು. ಫಳಫಳ ಹೊಳೆಯುವಂಥದು, ಹಳೆಯದಕ್ಕಿಂತ ದೊಡ್ಡದು, ಟೈರು ಒಂದು ಗೇಣು ಅಗಲ. "ಈಗಿನವರು ಕಾರು ನೋಡಿ ಬರ್ತಾರೆ ಅತ್ತಿಗೆ, ಪಾಠ ನೋಡಿ ಅಲ್ಲ," ಎಂದಿದ್ದ. "ಕುರಿಮರಿಗೆ ಬೂಟು ತೊಡಿಸಿದ ಹಾಗಿದೆ," ಎಂದು ಅವಳು ಆಗ ನಕ್ಕು ಸುಮ್ಮನಾಗಿದ್ದಳು.

ಡಿಕ್ಕಿಯಲ್ಲಿದ್ದ ಸ್ಪೇರ್ ಮಾತ್ರ ಹಳೆಯದೇ, ಕಪ್ಪು ಬಣ್ಣದ ಕಬ್ಬಿಣದ ಚಕ್ರ. ಅದನ್ನು ಎತ್ತಿದಾಗ ಅವಳು ಹಿಂದಕ್ಕೆ ಎರಡು ಹೆಜ್ಜೆ ತೂರಾಡಿದಳು. ಭಾರಕ್ಕಲ್ಲ, ಭಾರ ಇರುತ್ತದೆಂದು ಬಿಗಿ ಹಿಡಿದ ಕೈಗೆ ಅದು ಸುಲಭವಾಗಿ ಎದ್ದು ಬಂದದ್ದಕ್ಕೆ. ಸ್ವಲ್ಪ ಹೊತ್ತು ಎರಡೂ ಚಕ್ರಗಳನ್ನು ನೋಡುತ್ತ ನಿಂತಳು. ಆಮೇಲೆ ಎರಡನ್ನೂ ಒಂದೊಂದಾಗಿ ಉರುಳಿಸಿಕೊಂಡು ಗುಜರಿಯವನ ತಕ್ಕಡಿಯ ಮೇಲೆ ಮಲಗಿಸಿದಳು.

"ಹಳೇದು ಹನ್ನೊಂದೂವರೆ ಕೆಜಿ," ಎಂದ ಅವನು. "ಈ ಮದುಮಗ ಹದಿನೆಂಟು. ಮಾರೋಕೆ ತಂದ್ರಾ?"

"ಹಳೇದರ ಜೊತೆಯವು ನಾಲ್ಕು ಇದ್ದವಲ್ಲ, ನಿಮಗೇ ಕೊಟ್ಟಿದ್ನಂತೆ ನನ್ನ ಮೈದುನ."

"ಟಾರ್ಪಾಲಿನ ಕೆಳಗಿವೆ. ಯಾರೂ ಕೇಳಲಿಲ್ಲ."

"ನಾನು ಕೇಳ್ತಿದೀನಿ."

ಅವನು ಅವಳ ಮುಖ ನೋಡಿದ. ಚೌಕಾಸಿಗೆ ಇಳಿಯುವ ಮುಖವಾಗಿರಲಿಲ್ಲ ಅದು. "ತಗೊಂಡು ಹೋಗಿ. ನನ್ನ ಸೊಸೆಗೆ ಕಾರು ಕಲಿಸಿಬಿಡಿ, ಸಾಕು," ಎಂದ.

ಗುರುವಾರ ಬೆಳಗ್ಗೆ ಮೈದುನ ಬಂದಾಗ ಕಾರಿನ ಹಿಂಭಾಗ ಆಫೀಸಿನ ಬಾಗಿಲೆದುರೇ ಜಾಕುಗಳ ಮೇಲೆ ಎದ್ದು ನಿಂತಿತ್ತು. ಮುಂದಿನ ಎರಡು ಚಕ್ರಗಳು ಆಗಲೇ ಬದಲಾಗಿದ್ದವು. ಆಯಾ ನಟ್ಟುಗಳನ್ನು ಬಟ್ಟಲಿನಲ್ಲಿ ಹಿಡಿದು ನಿಂತಿದ್ದಳು. ಕಲಿಯಲು ಬಂದ ಐದಾರು ಜನ ಗೋಡೆಗೆ ಒರಗಿ ನೋಡುತ್ತಿದ್ದರು.

"ಏನಿದು ಅತ್ತಿಗೆ, ಬೀದೀಲಿ?"

"ಬಾ ಇಲ್ಲಿ. ಹಿಂದುಗಡೆ ಎಡಕ್ಕೆ ಹಳೇ ಚಕ್ರ ಇದೆ, ಬಲಕ್ಕೆ ನಿನ್ನದು. ಒಂದು ಬೆರಳಲ್ಲಿ ತಿರುಗಿಸು."

ಜನರೆದುರು ಇಲ್ಲವೆನ್ನಲಾಗದೆ ಅವನು ಬಗ್ಗಿದ. ಹಳೆಯ ಚಕ್ರ ಬೆರಳು ತಾಕಿದ್ದೇ ಸರ್ರನೆ ತಿರುಗಿತು. ಹೊಸದು ಬೆರಳಿಗೆ ಕ್ಯಾರೇ ಅನ್ನಲಿಲ್ಲ. ಅಂಗೈ ಇಟ್ಟು ದಬ್ಬಿದ ಮೇಲೆ ನಿಧಾನವಾಗಿ ಹೊರಟಿತು.

"ಒಂದೊಂದಕ್ಕೆ ಆರೂವರೆ ಕೆಜಿ ಹೆಚ್ಚು," ಎಂದಳು ಕ್ಲಚ್ಚಮ್ಮ. "ನಾಲ್ಕಕ್ಕೆ ಇಪ್ಪತ್ತಾರು."

"ಇಪ್ಪತ್ತಾರು ಕೆಜಿ ಒಂದು ಭಾರಾನಾ? ಹಿಂದೆ ಒಂದು ಮಗು ಕೂತ ಹಾಗೆ."

"ಮಗು ಕೂತಿರತ್ತೆ. ಇದು ಉರುಳಬೇಕು. ಕಾರು ಹೊರಡೋ ಪ್ರತಿಸಲ ಎಂಜಿನ್ನು ಕಾರನ್ನೂ ತಳ್ಳಬೇಕು, ಇದನ್ನ ತಿರುಗಿಸಲೂ ಬೇಕು. ಅಂಚಿನಲ್ಲಿರೋ ಭಾರ ಅಷ್ಟು ಸುಲಭಕ್ಕೆ ತಿರುಗಲ್ಲ. ಸಾಲದ್ದಕ್ಕೆ ಚಕ್ರ ದೊಡ್ಡದು, ಫಸ್ಟ್ ಗೇರೇ ಸೆಕೆಂಡಿನ ಹಾಗೆ ಎಳೆಯತ್ತೆ. ಇಷ್ಟು ಪುಟ್ಟ ಎಂಜಿನ್ನು ದಿಬ್ಬದಲ್ಲಿ ಏದುಸಿರು ಬಿಡದೆ ಇನ್ನೇನು ಮಾಡತ್ತೆ?"

"ನೀವು ಹತ್ತಿಸ್ತೀರಲ್ಲ ಮತ್ತೆ."

"ನಾನು ಹತ್ತಿಸ್ತೀನಿ. ನಂಗೆ ಇಪ್ಪತ್ತೆಂಟು ವರ್ಷ ಆಯ್ತು. ಇವಳಿಗೆ ನಲವತ್ತು ದಿನ. ನನ್ನ ಕಾಲಿಗೆ ಗೊತ್ತಾಗದೇ ಸರಿಮಾಡ್ಕೊಂಡುಬಿಡ್ತಿತ್ತು, ಅದಕ್ಕೇ ಇಷ್ಟು ದಿನ ನಂಗೂ ತಿಳೀಲಿಲ್ಲ. ಏಳು ಜನರಿಗೆ ನಿಮ್ಮದೇ ತಪ್ಪು ಅಂತ ಹೇಳಿ ಕಳಿಸಿದೀನಿ ಕಣೋ."

ಮೈದುನ ಕೈಗೆ ಹತ್ತಿದ ಮಸಿಯನ್ನು ಕರವಸ್ತ್ರದಿಂದ ಉಜ್ಜುತ್ತ, ಆಫೀಸಿನ ಮೇಲಿದ್ದ ಹೊಸ ಬೋರ್ಡನ್ನು ನೋಡಿದ. ಅದರಲ್ಲಿ ಕಾರು, ಹೊಳೆಯುವ ಚಕ್ರ, ಅದಕ್ಕೆ ಒರಗಿ ನಿಂತ ಅವನು.

"ನಾನು ಬೇಡ ಅಂದ್ರೆ?"

"ಕಾರು ನನ್ನ ಹೆಸರಲ್ಲಿದೆ."

"ಇವತ್ತು ಇವಳು ಫೇಲಾದ್ರೆ ಫ್ಯಾನ್ ಕೆಳಗೆ ಕೂರ್ತೀರಾ?"

"ಫೇಲಾದ್ರೂ ಕೂರಲ್ಲ," ಎಂದು ಅವಳು ಕೈ ಚಾಚಿದಳು. "ನಟ್ಟು ಕೊಡಮ್ಮ."

ಆಯಾ ಬಟ್ಟಲನ್ನೇ ಮುಂದೆ ಹಿಡಿದಳು.

ದಾರಿಯಲ್ಲಿ ಗೋದಾಮಿನ ಹಿಂದಿನ ಏರಿನಲ್ಲಿ ಒಂದೇ ಒಂದು ಸಲ ಅಭ್ಯಾಸ ಮಾಡಿಸಿದಳು. ಆಯಾ ಹಳೆಯ ಭಯದಲ್ಲಿ ಆಕ್ಸಿಲರೇಟರನ್ನು ಜೋರಾಗಿ ಒತ್ತಿದ್ದಕ್ಕೆ ಕಾರು ಗುಟುರು ಹಾಕಿ ಮೇಲಕ್ಕೆ ನೆಗೆಯಿತು. ಆಯಾ ಬೆಚ್ಚಿ ಬ್ರೇಕ್ ಹಾಕಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಷ್ಟು ಬೇಡ," ಎಂದಳು ಕ್ಲಚ್ಚಮ್ಮ. "ಅದರಲ್ಲಿ ಅರ್ಧ ಸಾಕು."

ಪರೀಕ್ಷೆಯ ಮೈದಾನದಲ್ಲಿ ಇನ್‌ಸ್ಪೆಕ್ಟರು ಆಯಾಳನ್ನು ನೋಡಿದವರೇ "ಮತ್ತೆ ಬಂದ್ಯಾ?" ಎಂದರು. ಆಯಾ ತಲೆ ತಗ್ಗಿಸಲಿಲ್ಲ. "ಹೌದು ಸಾರ್," ಎಂದು ಬಾಗಿಲು ತೆರೆದು ಕೂತಳು. ಕಲಿಸುವವರಿಗೆ ಒಳಗೆ ಜಾಗವಿಲ್ಲ. ಕ್ಲಚ್ಚಮ್ಮ ದಿಬ್ಬದ ಬುಡದಲ್ಲಿ, ಕಾರಿನ ಹಿಂದೆ, ದಾರಿಯ ಮಧ್ಯದಲ್ಲೇ ನಿಂತಳು.

ಕಾರು ಅರ್ಧ ಏರಿ, ಬಿಳಿ ಗೆರೆಯ ಮೇಲೆ ನಿಂತಿತು. ಹಿಂದಿನ ಎರಡು ಕೆಂಪು ದೀಪಗಳು ಹೊತ್ತಿಕೊಂಡವು. ಕ್ಲಚ್ಚಮ್ಮನ ಎಡಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ತಾನಾಗಿ ಬಿಗಿಯಿತು. ಎಂಜಿನ್ನಿನ ಸದ್ದು ಒಂದಿಷ್ಟು ಏರಿತು, ಕೆಂಪು ದೀಪಗಳು ಆರಿದವು. ಕಾರು ಒಂದು ಬೆರಳಿನಷ್ಟೂ ಹಿಂದಕ್ಕೆ ಬರಲಿಲ್ಲ. ನಿಧಾನವಾಗಿ ಮೇಲೇರಿ, ನೆತ್ತಿ ದಾಟಿ, ಆಚೆ ಇಳಿದು ಕಣ್ಮರೆಯಾಯಿತು.

ಬೋಳು ದಿಬ್ಬದ ಮೇಲೆ ತೆಳ್ಳಗೆ ಎದ್ದ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಮುಂದಿನ ಸರದಿಯ ಕಾರಿನವನು ಹಿಂದೆ ಹಾರ್ನ್ ಹೊಡೆದ. ಮತ್ತೊಮ್ಮೆ ಹೊಡೆದ. ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಕೈ ಕಟ್ಟಿಕೊಂಡು, ಧೂಳು ಪೂರ್ತಿ ಕೂರುವ ತನಕ ದಾರಿ ಬಿಡದೆ ಅಲ್ಲೇ ನಿಂತಿದ್ದಳು.