ಸುಶೀಲವ್ವನ ಕರಡಿಗೆ

ಅಯ್ಯನವರು ಸುಶೀಲವ್ವನ ಕೊರಳಿಂದ ಬಿಚ್ಚಿದ ಬೆಳ್ಳಿ ಕರಡಿಗೆಯ ಮುಚ್ಚಳ ತಿರುವಿದರು. ಬಿಗಿಯಾಗಿತ್ತು. ಧೋತರದ ಚುಂಗಿನಿಂದ ಹಿಡಿದು ಇನ್ನೊಮ್ಮೆ ತಿರುವಿದಾಗ ತೆರೆದುಕೊಂಡಿತು. ಒಳಗೆ ಇಣುಕಿ ನೋಡಿ, ಅದನ್ನು ಅಂಗೈ ಮೇಲೆ ಬೋರಲು ಹಾಕಿ ತಟ್ಟಿದರು. ಏನೂ ಬೀಳಲಿಲ್ಲ.

"ಇದರಾಗ ಲಿಂಗ ಇಲ್ಲಲ್ಲೋ ನಾಗಪ್ಪ."

ಭಜನೆ ಅರ್ಧಕ್ಕೇ ನಿಂತಿತು. ತೀರಿಕೊಂಡ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಸುಶೀಲವ್ವ ಮಾತ್ರ, ಹಣೆ ತುಂಬ ವಿಭೂತಿ, ಕೊರಳ ತುಂಬ ಚೆಂಡುಹೂವು, ತರಗತಿಯಲ್ಲಿ ಕೂತ ಹಾಗೆಯೇ ಎಲ್ಲರೆದುರು ಕೂತಿದ್ದಳು. ಹೆರಿಗೆ ಮಾಡಿಸುವುದನ್ನು ಮೂವತ್ತು ವರ್ಷ ಹುಡುಗಿಯರಿಗೆ ಕಲಿಸಿದ ನರ್ಸಬಾಯಿ ಅವಳು. ಹತ್ತಿಮತ್ತೂರಿನ ಅರ್ಧ ಊರು ಹುಟ್ಟಿದ್ದು ಅವಳ ಕೈಯಲ್ಲೇ, ಆ ಅರ್ಧ ಊರೂ ಈಗ ಅಂಗಳದಲ್ಲಿತ್ತು.

ಲಿಂಗವಂತರ ಜೊತೆ ಮಣ್ಣಿಗೆ ಹೋಗುವುದು ಅದೊಂದೇ. ಜೀವಮಾನವಿಡೀ ಕೊರಳಲ್ಲಿದ್ದ ಲಿಂಗವನ್ನು ಎಡಗೈಯಲ್ಲಿಟ್ಟು ಕಳಿಸಬೇಕು. ಮದುವೆಯಾಗದೆ ಉಳಿದ ಅಕ್ಕನಿಗೆ ಅಷ್ಟೂ ಇಲ್ಲವಾಯಿತೇ ಎಂದು ತಮ್ಮ ನಾಗಪ್ಪನ ಮುಖ ಕೆಂಪೇರಿತು.

"ಮುಂಜಾನೆ ಮೈ ತೊಳದವರು ಯಾರು?" ಎಂದು ಕೇಳಿದ.

"ನಾನು ಮತ್ತ ಮದಿಹಾ," ಎಂದಳು ಬಾಗಿಲಲ್ಲಿ ನಿಂತಿದ್ದ ಭಾಗ್ಯಶ್ರೀ. ಅವಳು ಸುಶೀಲವ್ವನ ಹಳೆಯ ವಿದ್ಯಾರ್ಥಿನಿ, ಮಾಸೂರಿನವಳು, ಈಗ ತಾನೂ ನರ್ಸು. ಮದಿಹಾ ಕೊನೆಯ ವರ್ಷದ ಹುಡುಗಿ. ಟೀಚರಿಗೆ ಮೈಯಲ್ಲಿ ಹುಷಾರಿಲ್ಲದಾದಾಗಿನಿಂದ, ನಾಲ್ಕು ತಿಂಗಳು, ಈ ಮನೆಯಲ್ಲೇ ಇದ್ದು ನೋಡಿಕೊಂಡವಳು.

ನಾಗಪ್ಪನಿಗೆ ಮದಿಹಾಳ ಹೆಸರಷ್ಟೇ ಕೇಳಿಸಿತು, ಭಾಗ್ಯಶ್ರೀ ನಾನು ಎಂದದ್ದು ಕೇಳಿಸಲೇ ಇಲ್ಲ.

"ಹೊರಗಿನವ್ರನ್ನ ಮನ್ಯಾಗ ಇಟಗೋಬ್ಯಾಡ ಅಂತ ಬಡಕೊಂಡ್ನಿ. ಅಕ್ಕ ಕೇಳಲಿಲ್ಲ. ಏ ಹುಡುಗಿ, ಎಲ್ಲಿಟ್ಟಿ?"

"ನಾ ಮುಟ್ಟಿಲ್ರಿ ಕಾಕಾ. ಅಕ್ಕಾರು ಅದನ್ನ ಬಿಚ್ಚಾಕ ಯಾರಿಗೂ ಕೊಡ್ತಿರಲಿಲ್ರಿ."

"ಈಕಿ ಬ್ಯಾಗ್ ತರ್ರಿ ಇಲ್ಲೆ."

ಯಾರೋ ತಂದು ಅಂಗಳದಲ್ಲೇ ಸುರುವಿದರು. ಮಡಿಸಿದ ಬಿಳಿ ಸಮವಸ್ತ್ರ, ಹೆರಿಗೆಗಳ ವಿವರ ಬರೆದ ದಪ್ಪ ನೋಟ್‌ಬುಕ್ಕು, ಒಂದು ತಸಬಿ ಬಿದ್ದವು. ತಸಬಿಯ ಮಣಿಗಳನ್ನು ನೋಡಿ ಹೆಂಗಸರು ಗುಸುಗುಸು ಶುರು ಮಾಡಿದರು. ಜಪಮಾಲೆ ಇಟ್ಟುಕೊಂಡವಳು ಕಳ್ಳಿಯೇ ಇರಬೇಕು ಎಂಬಂತೆ!

"ಸೋಮವಾರ ಪರೀಕ್ಷಾ ಅಲ್ಲ ನಿಂದು? ಈಗ ನಿಮ್ಮ ಕಾಲೇಜಿಗೆ ಫೋನ್ ಹಚ್ತೇನಿ. ಅದು ಹೆಂಗ ಕುಂಡ್ರತಿ ನೋಡೂಣು."

ಮದಿಹಾ ಅಳಲಿಲ್ಲ. ಬಗ್ಗಿ ತಸಬಿಯನ್ನು ಎತ್ತಿಕೊಂಡು ಧೂಳು ಒರೆಸಿದಳು.

ಭಾಗ್ಯಶ್ರೀಗೆ ಲಿಂಗ ಎಲ್ಲಿದೆಯೆಂದು ಗೊತ್ತಿತ್ತು. ಹೇಳಿದರೆ ಹುಡುಗಿ ಉಳಿಯುತ್ತಿದ್ದಳು. ಆದರೆ ಕಟ್ಟೆಯ ಮೇಲೆ ಆಡೂರಿನ ಗದಿಗೆವ್ವ ಕೂತಿದ್ದಳು. ಮೊದಲ ಬಸ್ಸಿಗೇ ಬಂದಿದ್ದ ಆ ಮುದುಕಿ, ಸಿಕ್ಕವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಮಗಳು ಜಯಶ್ರೀ ಹಡಿಯಾಕ ಹೋಗಿ ಸತ್ತಳ್ರಿ. ಆದ್ರ ಈ ತಾಯಿ ಅಕಿ ಲಿಂಗ ಜ್ವಾಕಿ ಮಾಡಿ, ಕೈಯಾಗಿಟ್ಟ ಕಳಿಸಿದಳು. ಆ ಒಂದ ಸಮಾಧಾನದ ಮ್ಯಾಲ ಬದುಕೇನಿ."

* * *

ಹನ್ನೊಂದು ವರ್ಷದ ಹಿಂದೆ ಭಾಗ್ಯಶ್ರೀಗೆ ಹತ್ತೊಂಬತ್ತು. ಸುಶೀಲವ್ವ ಮೊದಲ ದಿನವೇ ಹೇಳಿದ್ದಳು: "ಹೊಟ್ಟಿ ಮುಟ್ಟೂಕಿಂತ ಮೊದಲ ಕೇಳ್ರಿ, ಯಾರನ್ನ ನೆನಸ್ತೀಯವ್ವಾ ಅಂತ. ಅಕಿ ಯಾರ ಹೆಸರ ಹೇಳ್ತಾಳ, ನೀವೂ ಅದನ್ನ ಹೇಳ್ರಿ. ಅಲ್ಲಾ ಅಂದ್ರ ಅಲ್ಲಾ, ಎಲ್ಲವ್ವ ಅಂದ್ರ ಎಲ್ಲವ್ವ. ಕೊರಳಾಗಿಂದು ತಗಿಯೂದಿದ್ರ ಕೇಳಿ ತಗೀರಿ, ಅಕಿ ಕೈಯಾಗ ಕೊಡ್ರಿ." ಪರೀಕ್ಷೆಗೆ ಬರುವ ಪಾಠವಲ್ಲವೆಂದು ಯಾರೂ ಬರೆದುಕೊಳ್ಳಲಿಲ್ಲ.

ಜಯಶ್ರೀಗೆ ಕೂಸು ಹುಟ್ಟಿದ ಮೇಲೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಕೂಗಾಡುತ್ತಿದ್ದರು. ಗಡಿಬಿಡಿಯಲ್ಲಿ ಭಾಗ್ಯಶ್ರೀ ಅವಳ ಕೊರಳ ದಾರ ಕತ್ತರಿಸಿ ಟ್ರೇಗೆ ಹಾಕಿದಳು. ಬಡವರ ಮನೆಯ ಲಿಂಗ, ಬೆಳ್ಳಿಯಿಲ್ಲ, ಬಟ್ಟೆಯಲ್ಲಿ ಕಟ್ಟಿದ್ದು. ಆ ಬಟ್ಟೆಯೂ ನೆತ್ತರಲ್ಲಿ ತೊಯ್ದಿತ್ತು. ಟ್ರೇ ತುಂಬಿದಾಗ ಅರಳೆಯ ಜೊತೆ ಎಲ್ಲವನ್ನೂ ಬಕೆಟ್ಟಿಗೆ ಸುರಿದಳು. ಬಕೆಟ್ಟು ಆಸ್ಪತ್ರೆಯ ಕಸ ಸುಡುವ ಭಟ್ಟಿಗೆ ಹೋಯಿತು.

ಜಯಶ್ರೀಯ ಕೈ ಕೊರಳನ್ನು ತಡಕಾಡಿತು. "ನನ್ನ ಲಿಂಗ ಎಲ್ಲೆತ್ರಿ?"

"ಐತಿ, ಐತಿ," ಎಂದಳು ಭಾಗ್ಯಶ್ರೀ.

ಮೂರು ಸಲ ಕೇಳಿದಳು. ಮೂರು ಸಲವೂ ಅದೇ ಉತ್ತರ. ನಾಲ್ಕನೆಯ ಸಲ ಕೇಳಲಿಲ್ಲ, ಸುಮ್ಮನೆ ಭಾಗ್ಯಶ್ರೀಯ ಮುಖ ನೋಡಿದಳು.

ಸುಶೀಲವ್ವ ಕೈಗವಸು ಕಳಚಿ, ತನ್ನ ಕರಡಿಗೆ ತೆರೆದು, ಒಳಗಿನ ಲಿಂಗವನ್ನು ಅವಳ ಅಂಗೈಯಲ್ಲಿಟ್ಟಳು. "ಇದು ನಿಂದಲ್ಲವಾ, ನಂದು. ನಿಂದು ನಮ್ಮ ಕೈಯಾಗ ಕಳದೈತಿ. ಇದನ್ನ ಹಿಡಕೊ. ನಾನೂ ಹಿಡಿತೇನಿ." ಜಯಶ್ರೀ ಬೆರಳು ಮಡಚಿದಳು. ಇಬ್ಬರೂ ಕೂಡಿ ಶಿವಾ ಶಿವಾ ಎನ್ನುತ್ತಿದ್ದಂತೆ ಒಂದು ದನಿ ನಿಂತಿತು.

ಆಮೇಲೆ ಕೈ ತೊಳೆಯುವಲ್ಲಿ ಸುಶೀಲವ್ವ ಹೇಳಿದ್ದಿಷ್ಟೇ: "ಒಗದಿದ್ದು ತಪ್ಪು. ಸಾಯೂಕಿಗಿ ಸುಳ್ಳ ಹೇಳಿದ್ದು ದೊಡ್ಡ ತಪ್ಪು. ಅಕಿ ಅವ್ವಗ ನೀನ ಹೇಳಬೇಕು, ನಾ ಹೇಳಂಗಿಲ್ಲ."

ಹೊಸ ಲಿಂಗ ಬೇಕಾದರೆ ಹಳೆಯದು ಏನಾಯಿತೆಂದು ಅಯ್ಯನವರಿಗೆ ಹೇಳಬೇಕು. ಆದ್ದರಿಂದ ಸುಶೀಲವ್ವ ಕೇಳಲೇ ಇಲ್ಲ. ಭಾಗ್ಯಶ್ರೀ ತಾನೇ ಹೇಳಲಿ ಎಂದು ಖಾಲಿ ಕರಡಿಗೆ ಕಟ್ಟಿಕೊಂಡೇ ಕಾದಳು. ಭಾಗ್ಯಶ್ರೀ ಎರಡು ಸಲ ಆಡೂರಿನ ಬಸ್ಸು ಹತ್ತಿದಳು, ಎರಡೂ ಸಲ ಹಾನಗಲ್ಲಿನಲ್ಲೇ ಇಳಿದು ಹಿಂದಿರುಗಿದಳು. ಅಷ್ಟು ಹೆದರಿಕೆ ಅವಳಿಗೆ.

* * *

ನಾಗಪ್ಪ ಫೋನ್ ಕಿವಿಗಿಟ್ಟುಕೊಂಡಿದ್ದ.

"ಫೋನ್ ಇಡ್ರಿ," ಎಂದಳು ಭಾಗ್ಯಶ್ರೀ. "ಹನ್ನೊಂದ ವರ್ಷ ಆತು ಆ ಕರಡಿಗಿ ಖಾಲಿ ಐತ್ರಿ. ಅಕ್ಕಾರ ಲಿಂಗ ಜಯಶ್ರೀ ಕೂಡ ಮಣ್ಣಾಗ ಹೋಗೇತಿ."

ಅಂಗಳವೆಲ್ಲ ಗದಿಗೆವ್ವನ ಕಡೆ ತಿರುಗಿತು. ಮುದುಕಿ ಕಟ್ಟೆಯಿಂದ ಇಳಿದು ಬಂದು ಭಾಗ್ಯಶ್ರೀಯ ಎದುರು ನಿಂತಳು.

"ಹಂಗಾರ ನನ್ನ ಮಗಳದು?"

"ರಕ್ತದ ಅರಳಿ ಕೂಡ ಒಗದ್ನಿರಿ. ಸುಟ್ರು."

"ಅಕಿಗಿ ಗೊತ್ತಾತೇನು?"

ಇಲ್ಲ ಎಂದುಬಿಡಬಹುದಿತ್ತು. ಅದು ಸುಳ್ಳೆನ್ನುವವರು ಯಾರೂ ಬದುಕಿರಲಿಲ್ಲ.

"ಗೊತ್ತಾತ್ರಿ. ಮೂರು ಸಲ ಕೇಳಿದಳು. ಐತಿ ಅಂತ ನಾ ಸುಳ್ಳ ಹೇಳಿದ್ನಿ. ನಂಬಲಿಲ್ಲ. ಅಕ್ಕಾರು ಖರೇ ಹೇಳಿ ತಮ್ಮದನ್ನ ಕೊಟ್ಟಮ್ಯಾಲ ಸಮಾಧಾನ ಆದಳು."

ಗದಿಗೆವ್ವ ಬಯ್ಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿತ್ತು. ನಾಗಪ್ಪ ಮದಿಹಾಳ ಬಟ್ಟೆಗಳನ್ನು ತಾನೇ ಆಯ್ದು ಬ್ಯಾಗಿಗೆ ತುಂಬಿದ. ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಮಠಕ್ಕೆ ಬೈಕು ಓಡಿತು.

ಮಧ್ಯಾಹ್ನ ಹೊಲದ ಬದುವಿನ ಬಳಿ, ಗುಂಡಿಯೊಳಗಿನ ಗೂಡಿನಲ್ಲಿ ಸುಶೀಲವ್ವನನ್ನು ಕೂರಿಸಿದರು. ಮಠದಿಂದ ತಂದ ಹೊಸ ಲಿಂಗ ಹಿಡಿದು ಅಯ್ಯನವರು ಒಳಗಿಳಿಯಬೇಕು, ಅಷ್ಟರಲ್ಲಿ ಗದಿಗೆವ್ವ ಅಡ್ಡ ಬಂದು ಕೈಯೊಡ್ಡಿದಳು. ಇಸಿದುಕೊಂಡದ್ದನ್ನು ಭಾಗ್ಯಶ್ರೀಯ ಕೈಯಲ್ಲಿಟ್ಟಳು.

"ನೀ ಇಡು."

"ಅಕಿ ಲಿಂಗವಂತರಾಕಿ ಅಲ್ಲಬೇ," ಎಂದ ನಾಗಪ್ಪ. ಗದಿಗೆವ್ವ ಅವನತ್ತ ತಿರುಗಲಿಲ್ಲ. ಅಯ್ಯನವರು ಒಂದು ಗಳಿಗೆ ಮುದುಕಿಯನ್ನು ನೋಡಿ ಪಕ್ಕಕ್ಕೆ ಸರಿದರು.

ಭಾಗ್ಯಶ್ರೀ ಗುಂಡಿಗೆ ಇಳಿದಳು. ತಣ್ಣಗಾದ ಎಡ ಅಂಗೈ ಬಿಡಿಸಿ ಲಿಂಗ ಇಟ್ಟಳು. ಸೆಟೆದ ಬೆರಳುಗಳು ಮಡಚಲೊಲ್ಲವು. ಮಡಚಿದರೆ ಮತ್ತೆ ಬಿಚ್ಚಿಕೊಂಡು ಲಿಂಗ ಜಾರುತ್ತಿತ್ತು. ಎರಡೂ ಕೈಗಳಿಂದ ಆ ಮುಷ್ಟಿಯನ್ನು ಒತ್ತಿ ಹಿಡಿದು, ಏನು ಮಾಡಲಿ ಎಂದು ತಲೆಯೆತ್ತಿದಳು.

"ಬಿಡಬ್ಯಾಡ," ಎಂದಳು ಗದಿಗೆವ್ವ ಮೇಲಿನಿಂದ. ಬಗ್ಗಿ ಒಂದು ಹಿಡಿ ಕರಿಮಣ್ಣು ತೆಗೆದುಕೊಂಡು ಎಸೆದಳು. ಅದು ಸುಶೀಲವ್ವನ ಕೈ ಮೇಲೂ ಭಾಗ್ಯಶ್ರೀಯ ಕೈ ಮೇಲೂ ಬಿತ್ತು.