ಮೇಲಕ್ಕೇ ಹೋದ ಬಲೂನು

ಕಂಡಕಂಡವರ ಎದೆಬಡಿತ ಅಳೆಯುವ ಎಂಜಿನಿಯರ್ ಹುಡುಗಿಗೆ ತನ್ನ ಎದೆಯ ಮಾತನ್ನು ಬಾಯಿಗೆ ತರಲು ಒಂದು ವರ್ಷ ಸಾಲದೇ ಹೋಗಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ಪ್ರಯೋಗಾಲಯಕ್ಕೆ ಮಣಿಕಟ್ಟಿನ ಪಟ್ಟಿಗಳನ್ನು ಹೊಲಿದು ಕೊಡುತ್ತಿದ್ದ ದರ್ಜಿಯ ಕೆಲಸ ಅಂದಿಗೆ ಮುಗಿಯುತ್ತಿತ್ತು. ಮಧ್ಯಾಹ್ನದ ಬಸ್ಸಿಗೆ ಅವನು ಹೊರಟುಬಿಟ್ಟರೆ ಜೀವಮಾನವಿಡೀ ಕೈ ಕೈ ಹಿಸುಕಿಕೊಳ್ಳುವುದೇ ಅವಳ ಪಾಲಿಗೆ.

ಆ ದಿನ ಪರೀಕ್ಷೆಗೆ ಕೂತವರು ಅವಳ ಸೋದರತ್ತೆ. ವಿಆರ್ ಕನ್ನಡಕ ಹಾಕಿಕೊಂಡರೆ ಬಲೂನಿನ ಬುಟ್ಟಿಯಲ್ಲಿ ನಿಂತ ಹಾಗೆ. ಕೈಗೆ ಕಟ್ಟಿದ ಪಟ್ಟಿ ನಾಡಿಯನ್ನೂ ಬೆವರನ್ನೂ ಅಳೆದು ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಮನಸ್ಸು ಹಿಗ್ಗಿದರೆ ಬಲೂನು ಏರಬೇಕು, ಕುಗ್ಗಿದರೆ ಇಳಿಯಬೇಕು. ಅದರ ಹಾರಾಟ ಗೋಡೆಯ ಪರದೆಯ ಮೇಲೆ ಉಳಿದವರಿಗೂ ಕಾಣುತ್ತದೆ.

"ಮಂಚದ ಮೇಲೆ ಕೂತ ಹಾಗಿದೆ ಕಣೇ. ಇದಕ್ಕೆ ನಾನು ಬರ್ಬೇಕಿತ್ತಾ?" ಎಂದರು ಅತ್ತೆ.

ಅಷ್ಟರಲ್ಲಿ ದರ್ಜಿ ತನ್ನ ಕತ್ತರಿ ಒಯ್ಯಲು ಒಳಗೆ ಬಂದ. ಬಲೂನು ಚಂಗನೆ ಜಿಗಿಯಿತು.

"ಅಯ್ಯಯ್ಯೋ! ಹೇಳ್ದೆ ಕೇಳ್ದೆ ಹಾರ್ತಲ್ಲೇ ಇದು!"

ದರ್ಜಿ ನಕ್ಕ. ಬಲೂನು ಮರಗಳನ್ನು ದಾಟಿತು. "ಪಟ್ಟಿ ಸಡಿಲ ಆಗಿರ್ಬೇಕು" ಎನ್ನುತ್ತ ಅವನು ಅತ್ತೆಯ ಕೈ ನೋಡಿದ. ಪಟ್ಟಿ ಬಿಗಿಯಾಗಿಯೇ ಇತ್ತು, ಚಾಲೂ ಇದ್ದರೆ ಮಿನುಗಬೇಕಾದ ಅದರ ಹಸಿರು ದೀಪ ಮಾತ್ರ ಉರಿಯುತ್ತಿರಲಿಲ್ಲ.

ಹುಡುಗಿ ತಟ್ಟನೆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ದಿನಾ ಬೆಳಗ್ಗೆ ಪಟ್ಟಿಯನ್ನು ಮೊದಲು ತಾನೇ ಕಟ್ಟಿಕೊಂಡು ಪರೀಕ್ಷಿಸುವುದು ಅವಳ ರೂಢಿ. ಇವತ್ತು ಅದನ್ನು ಬಿಚ್ಚುವುದನ್ನೇ ಮರೆತು, ಅತ್ತೆಗೆ ಬೇರೊಂದು ಪಟ್ಟಿ ಕಟ್ಟಿಬಿಟ್ಟಿದ್ದಳು! ಇಷ್ಟು ಹೊತ್ತು ಅತ್ತೆಯನ್ನು ಹಾರಿಸಿದ್ದು ಅವಳ ಎದೆ. ಅಂಗೈ ಹುಣ್ಣಿಗೆ ಕನ್ನಡಿ ಬೇರೆ ಬೇಕೆ? ಗೋಡೆಯ ಪರದೆಯ ಮೇಲೆ ಬಲೂನು ಮೋಡಕ್ಕೆ ನುಗ್ಗಿತು.

"ಕೈ ತೋರ್ಸಿ" ಎಂದ ದರ್ಜಿ.

ತೋರಿಸಿದಳು. ಹಸಿರು ದೀಪ ಮಿನುಗುತ್ತಿತ್ತು.

"ಅದು... ಭಯ ಆದ್ರೂ ಎದೆ ಹೀಗೇ ಹೊಡ್ಕೊಳ್ಳುತ್ತೆ. ಯಂತ್ರಕ್ಕೆ ಒಂದೊಂದ್ಸಲ ವ್ಯತ್ಯಾಸ ಗೊತ್ತಾಗಲ್ಲ" ಎಂದು ತೊದಲಿದಳು.

"ಹಾಗಾದ್ರೆ ಇದು ಭಯಾನಾ?"

ಹೌದು ಎಂದರೆ ಮಾನ ಉಳಿಯುತ್ತಿತ್ತು, ಅವನು ಬಸ್ಸು ಹತ್ತುತ್ತಿದ್ದ. ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು.

"ಅಲ್ಲ. ಖುಷಿ. ನೀವು ಬಂದಾಗೆಲ್ಲ ಹೀಗೇ. ಹೋಗ್ಬೇಡಿ."

ದರ್ಜಿ ಅವಳ ಕೈಯಿಂದ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿದ. ಬಲೂನು ಗಕ್ಕನೆ ನಿಂತಿತು. ಅತ್ತೆ "ಅಬ್ಬಾ, ಬದುಕಿದೆ" ಎಂದು ಉಸಿರುಬಿಟ್ಟರು. ಅವನು ಅದೇ ಪಟ್ಟಿಯನ್ನು ತನ್ನ ಕೈಗೆ ಕಟ್ಟಿಕೊಂಡ.

"ಅಮ್ಮಾ! ಮತ್ತೆ ಮೇಲಕ್ಕೇ ಹೋಗ್ತಿದೆ! ಮೊದಲಿಗಿಂತ ಜೋರು! ಯಾರ್ರೀ ಅಲ್ಲಿ, ನನ್ನ ಕೆಳಗಿಳ್ಸಿ!"

ಅಲ್ಲಿದ್ದ ಇಬ್ಬರಿಗೂ ಆಕಾಶ ಮೂರೇ ಗೇಣು ಉಳಿದಿತ್ತು. ಅತ್ತೆಯ ಕೂಗು ಅವರಿಗೆ ಕೇಳಿಸಲೇ ಇಲ್ಲ.