ಇಪ್ಪತ್ತು, ಇಪ್ಪತ್ತು, ಇಪ್ಪತ್ತು

ಆ ಮೂರು ಇಪ್ಪತ್ತುಗಳು ದಾನಮ್ಮನ ನೆಮ್ಮದಿ ಕೆಡಿಸಿ ಐದು ದಿನವಾಗಿತ್ತು.

ಬೀದರಿನ ಬೀಜದ ಕಂಪನಿಯೊಂದರಲ್ಲಿ ಫೋನ್ ತಂಡ ನೋಡಿಕೊಳ್ಳುವುದು ಅವಳ ಕೆಲಸ. ತಂಡದಲ್ಲಿ ಮೂವರು, ಮೂವರೂ ತಮ್ಮ ಮನೆಯಲ್ಲೇ ಕೂತು ದುಡಿಯುವವರು: ಭಾಲ್ಕಿಯ ಸಾನಿಯಾ, ಸಾಯಗಾಂವದ ವಿಮಲಾಬಾಯಿ, ಔರಾದ ತಾಲೂಕಿನ ಸಂತಪುರದ ಮಚ್ಛೇಂದ್ರ. ರೈತರಿಗೆ ಫೋನ್ ಹಚ್ಚಿ, ಸೋಯಾ ಹೇಗೆ ಎದ್ದಿದೆ, ಹುಳ ಬಿದ್ದಿದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ದಿನಾ ಹತ್ತಕ್ಕೆ ದಾನಮ್ಮ ಮೂವರನ್ನೂ ಮೊಬೈಲಿನಲ್ಲಿ ಕೂಡಿಸಿ, ಹಿಂದಿನ ದಿನ ಯಾರದು ಎಷ್ಟು ಫೋನು ಎಂದು ಎಲ್ಲರೆದುರು ಓದುತ್ತಿದ್ದಳು. ಕಣ್ಣಿಗೆ ಕಾಣದವರನ್ನು ಹೀಗಲ್ಲದೆ ಹೇಗೆ ಹಿಡಿಯುವುದು?

ಮೊದಲು ಸಾನಿಯಾಳದು ಇಪ್ಪತ್ನಾಲ್ಕು, ಮಚ್ಛೇಂದ್ರನದು ಹದಿನಾರು, ವಿಮಲಾಬಾಯಿಯದು ಹನ್ನೊಂದು ಇರುತ್ತಿತ್ತು. ಅಷ್ಟರಲ್ಲಿ ಮ್ಯಾನೇಜರ್ ಅಮಿತಕುಮಾರ, ಒಬ್ಬರನ್ನು ತೆಗೆಯಬೇಕು, ಕಡಿಮೆ ಫೋನು ಮಾಡುವವರ ಹೆಸರು ಶನಿವಾರ ಸಂಜೆ ಐದರೊಳಗೆ ಕೊಡಿ ಎಂದ. ಮುಚ್ಚಿಟ್ಟರೆ ಮೋಸವಾದೀತೆಂದು ದಾನಮ್ಮ ತಂಡಕ್ಕೂ ಹೇಳಿಬಿಟ್ಟಳು. ಮರುದಿನದಿಂದ ಮೂವರದೂ ಇಪ್ಪತ್ತೇ.

ಶನಿವಾರ ಮಧ್ಯಾಹ್ನ ಅವಳು ಮಚ್ಛೇಂದ್ರನ ಹೆಸರಿನಲ್ಲಿದ್ದ ಒಂದು ಫೋನಿನ ರೆಕಾರ್ಡಿಂಗ್ ಹಚ್ಚಿ ಕೇಳಿದಳು.

"ನಮಸ್ಕಾರ್ರಿ ಕಾಕಾ, ಮಚ್ಛೇಂದ್ರ ಮಾತಾಡ್ಲಾಕತ್ತೀನಿ." ದನಿ ಸಾನಿಯಾಳದು!

"ಮಚ್ಛೇಂದ್ರಾ? ದನಿಗಿ ಏನಾಯ್ತೋ ತಮ್ಮಾ? ಬಳಿ ಸಪ್ಪಳ ಬ್ಯಾರೆ ಬರ್ಲಾಕತ್ತದ!"

"ನಾ ಅವರ ತಂಗಿರಿ. ಅವರ ಊರಾಗ ಕರೆಂಟ ಹೋಗ್ಯಾದ."

"ಹಂಗಂತ ಮೊದಲೇ ಹೇಳಬೇಕಿಲ್ಲೇನವ್ವಾ!"

ದಾನಮ್ಮ ಮೂವರಿಗೂ ಒಟ್ಟಿಗೇ ಫೋನ್ ಹಚ್ಚಿದಳು. "ಯಾರ ಫೋನು ಯಾರು ಮಾಡ್ಲಾಕತ್ತೀರಿ? ಖರೆ ಹೇಳ್ರಿ."

ವಿಮಲಾಬಾಯಿ ನಕ್ಕಳು. "ಸಿಕ್ಕೇವಿ ನೋಡ್ರಪ್ಪಾ. ಕಳೆ ತಗಿಯಾಗ ಮುಯ್ಯಿ ಹೋಗಲ್ಲೇನು, ತಂಗಿ? ಇವತ್ತ ನಿನ್ನ ಹೊಲ, ನಾಳಿ ನನ್ನ ಹೊಲ. ಇದೂ ಹಂಗೇ."

"ಹನ್ನೊಂದರಿಂದ ಒಂದರ ತನಕ ನಮ್ಮಲ್ಲಿ ಕರೆಂಟ ಇರಲ್ರಿ ಮೇಡಂ, ಟವರೂ ಮಕ್ಕೊಂತದ," ಎಂದ ಮಚ್ಛೇಂದ್ರ. "ಆಗ ಸಾನಿಯಾ ನನ್ನ ಪಟ್ಟಿ ಹಿಡೀತಾಳ. ಸಂಜಿಗಿ ಆಕಿ ತನ್ನ ಅಜ್ಜಿಗಿ ದವಾಖಾನಿಗಿ ಒಯ್ತಾಳ, ಆಗ ಆಕಿ ಪಟ್ಟಿ ನಂದು."

"ವಿಮಲಕ್ಕ ಅಂತೂ ಎಲ್ಲಾರ ಮನಿ ಸುದ್ದಿ ಕೇಳ್ಕೋತ ಕೂಡ್ತಾರ, ಹನ್ನೊಂದರ ಮ್ಯಾಲ ಹೋಗಂಗಿಲ್ರಿ," ಎಂದಳು ಸಾನಿಯಾ. "ಉಳಿದದ್ದು ನಾವಿಬ್ಬರೂ ಹಂಚ್ಕೋತೇವಿ."

"ಏ ಹುಡುಗಿ, ಸುದ್ದಿ ಕೇಳಿದ್ರೇ ಹುಳಾ ಬಿದ್ದದ್ದು ಬಾಯಿ ಬಿಡ್ತಾರ!"

"ನನಗ್ಯಾಕ ಹೇಳಲಿಲ್ಲ?" ಎಂದಳು ದಾನಮ್ಮ.

"ನೀವು ದಿನಾ ಎಷ್ಟಾಯ್ತು ಅಂತ ಅಷ್ಟೇ ಕೇಳ್ತಿದ್ರಿ ಅಕ್ಕಾ," ಎಂದಳು ಸಾನಿಯಾ, ಮೆಲ್ಲಗೆ.

ಗಂಟೆ ನಾಲ್ಕೂವರೆ. ಸುಳ್ಳು ಹೇಳಲು ದಾನಮ್ಮನಿಗೆ ಬಾರದು, ಹೆಸರು ಕೊಡಲು ಮನಸ್ಸಾಗದು. ಮೊಬೈಲ್ ಹಿಡಿದು ನೇರ ಅಮಿತಕುಮಾರನ ಟೇಬಲ್ಲಿಗೆ ಹೋಗಿ ರೆಕಾರ್ಡಿಂಗ್ ಕೇಳಿಸಿದಳು. ಬಳೆಯ ಮಾತಿಗೆ ಅವನಿಗೆ ನಗು ಬಂತು. ಆಮೇಲೆ ಮುಖ ಗಂಟಿಕ್ಕಿದ.

"ಒಬ್ಬರ ಹೆಸರಿಲೆ ಇನ್ನೊಬ್ಬರು ಮಾತಾಡೂದು ತಪ್ಪಲ್ಲೇನು?"

"ತಪ್ಪೇರಿ ಸರ್. ದಿನಾ ಎಲ್ಲಾರೆದುರು ಎಣಿಸಿ ಆ ತಪ್ಪಿಗಿ ದಾರಿ ಮಾಡಿದಾಕಿ ನಾನೇ. ಸೋಮವಾರದಿಂದ ಯಾರು ಮಾತಾಡ್ತಾರೋ ಅವರದೇ ಹೆಸರು. ಆದ್ರ ಲೆಕ್ಕ ಮೂರೂ ಮಂದಿದು ಕೂಡೇ ನೋಡ್ರಿ. ಮೊದಲ ಐವತ್ತೊಂದಿತ್ತು, ಈಗ ಅರವತ್ತು ಅದ."

"ಮತ್ತ ಹೆಸರು?"

"ಕಮ್ಮಿ ಮಾಡಾವ್ರು ನನಗ ಸಿಗಲಿಲ್ರಿ ಸರ್." ಅವಳು ಐದು ದಿನದ ಲೆಕ್ಕದ ಕಾಗದ ಅವನ ಮುಂದಿಟ್ಟಳು.

ಅವನು ಕಾಗದವನ್ನು ಎರಡು ಸಲ ನೋಡಿದ. "ಹಂಗಾಮ ಮುಗಿಯೂ ತನಕ ಮೂವರೂ ಇರಲಿ. ಅರವತ್ತಕ್ಕ ಒಂದು ಕಮ್ಮಿ ಆದ್ರೂ ನಿಮಗೇ ಕೇಳ್ತೇನಿ."

ಸೋಮವಾರ ಹತ್ತಕ್ಕೆ ದಾನಮ್ಮ ಪಟ್ಟಿ ಓದಲಿಲ್ಲ. "ಚಹಾ ಆಯ್ತೇನ್ರಿ ಎಲ್ಲಾರ್ದು? ಇವತ್ತ ಯಾರ ಹೊಲಾ ಮೊದಲ?" ಎಂದಳು.

"ಸಂತಪುರದ್ದು," ಎಂದಳು ವಿಮಲಾಬಾಯಿ. "ಮುಯ್ಯಿ ಅಂದ ಮ್ಯಾಲ ಹೊಲದ ಒಡತಿನೂ ಕಳೆ ತಗಿಯೂ ಕುರ್ಪಿ ಹಿಡೀಬೇಕು, ತಂಗಿ."

ಹನ್ನೊಂದಕ್ಕೆ ಸಂತಪುರದ ಕರೆಂಟು ಹೋಯಿತು. ಮಚ್ಛೇಂದ್ರನ ಪಟ್ಟಿಯ ಮೊದಲ ನಂಬರಿಗೆ ದಾನಮ್ಮನೇ ಫೋನ್ ಹಚ್ಚಿ ತನ್ನ ಹೆಸರು ಹೇಳಿದಳು. ಎತ್ತಿದ್ದು ಅದೇ ಕಾಕಾ.

"ಈಗ ನೀ ಯಾರವ್ವಾ? ಮಚ್ಛೇಂದ್ರಗ ಎಷ್ಟು ಮಂದಿ ತಂಗೇರು?"

"ನಾ ಅಕ್ಕರಿ, ಕಾಕಾ," ಎಂದಳು ದಾನಮ್ಮ. "ಮೊದಲ ನೀವು ಹ್ಯಾಂಗ ಇದ್ದೀರಿ ಹೇಳ್ರಿ."